ಓದುಗರ ಪ್ರಶ್ನೆ, ನಮ್ಮ ಉತ್ತರ: ಶಾಂತಿಯನ್ನು ನಾವು ಕಾಯುವುದೋ, ಶಾಂತಿಯೇ ನಮ್ಮನ್ನು ಕಾಯುವುದೋ?

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಅಳಲಿನ ಸುತ್ತ ಸುತ್ತುತ್ತಿವೆ. ಕಷ್ಟಕಾಲದಲ್ಲಿ ವಿಶ್ವಾಸಿಗೆ ದೊರೆಯುತ್ತದೆಂದು ಕೇಳಿಕೊಂಡು ಬಂದ ಮನಶ್ಶಾಂತಿ ತಮಗೆ ದೊರೆತಿಲ್ಲ, ದೊರೆತರೂ ನಿಲ್ಲುತ್ತಿಲ್ಲ ಎಂಬುದೇ ಆ ಅಳಲು. ಹೆಸರು, ಊರುಗಳನ್ನು ಬಿಟ್ಟು, ಪತ್ರಗಳನ್ನು ಸಂಕ್ಷೇಪಿಸಿ ಕೊಟ್ಟಿದ್ದೇನೆ. ಮೊದಲನೆಯ ಉತ್ತರ ಉಳಿದವುಗಳಿಗಿಂತ ಉದ್ದವಾಗಿದೆ. ಆ ಪತ್ರವನ್ನು ನಾಲ್ಕು ಸಾಲಿನಲ್ಲಿ ಮುಗಿಸಲು ನನಗೆ ಮನಸ್ಸಾಗಲಿಲ್ಲ.

ಪ್ರಶ್ನೆ: ನನ್ನ ಯಜಮಾನರು ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಅವರ ಕನ್ನಡಕ ಇನ್ನೂ ಮೇಜಿನ ಮೇಲೆಯೇ ಇದೆ. ಎಡಗಡೆಯ ಗಾಜಿನ ಮೇಲೆ ಅವರ ಹೆಬ್ಬೆರಳಿನ ಗುರುತಿದೆ. ಅದನ್ನು ಒರೆಸಲು ನನಗೆ ಕೈ ಬರುವುದಿಲ್ಲ. ಚರ್ಚಿನ ಸಭೆಯಲ್ಲಿ ಯಾರಾದರೂ ಹೇಗಿದ್ದೀರಿ ಎಂದು ಕೇಳಿದರೆ ‘ದೇವರ ಕೃಪೆಯಿಂದ ಚೆನ್ನಾಗಿದ್ದೇನೆ’ ಎನ್ನುತ್ತೇನೆ. ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಆ ಮಾತು ಸುಳ್ಳೆನಿಸಿ ನಾಚಿಕೆಯಾಗುತ್ತದೆ. ಹಿರಿಯರೊಬ್ಬರು, ‘ಶಾಂತಿ ಇಲ್ಲವೆಂದರೆ ನಿಮ್ಮ ವಿಶ್ವಾಸದಲ್ಲಿ ಎಲ್ಲೋ ಕೊರತೆಯಿದೆ’ ಎಂದರು. ಯೇಸು ಸ್ವಾಮಿ ಕೊಡುತ್ತೇನೆಂದ ಶಾಂತಿ ನನಗೆ ಮಾತ್ರ ಏಕೆ ಸಿಗುತ್ತಿಲ್ಲ?

ಉತ್ತರ: ಸಹೋದರಿ, ನಿಮ್ಮ ಪತ್ರ ಓದಿದಾಗ ನನಗೆ ಮೊದಲು ನೆನಪಾದವಳು ಬೈಬಲಿನ ಎರಡನೆಯ ಅರಸುಗಳ ಗ್ರಂಥದ 4ನೆಯ ಅಧ್ಯಾಯದಲ್ಲಿ ಬರುವ ಶೂನೇಮ್ ಊರಿನ ಹೆಂಗಸು. ಅವಳ ಒಬ್ಬನೇ ಮಗ ಹೊಲದಲ್ಲಿ ‘ನನ್ನ ತಲೆ, ನನ್ನ ತಲೆ’ ಎಂದು ಕೂಗಿಕೊಂಡು, ಆಳಿನ ಕೈಯಲ್ಲಿ ಮನೆ ಸೇರಿ, ಮಧ್ಯಾಹ್ನದವರೆಗೆ ತಾಯಿಯ ತೊಡೆಯ ಮೇಲಿದ್ದು ಪ್ರಾಣ ಬಿಡುತ್ತಾನೆ. ಅವಳು ಅವನನ್ನು ಪ್ರವಾದಿ ಎಲೀಷನಿಗಾಗಿ ಕಟ್ಟಿಸಿದ ಕೋಣೆಯ ಮಂಚದ ಮೇಲೆ ಮಲಗಿಸಿ, ಬಾಗಿಲು ಮುಚ್ಚಿ, ಕತ್ತೆಗೆ ತಡಿ ಹಾಕಿಸಿಕೊಂಡು ಹೊರಡುತ್ತಾಳೆ. ಇವತ್ತೇಕೆ ಹೋಗುತ್ತೀ ಎಂದು ಗಂಡ ಕೇಳಿದಾಗ ಅವಳ ಬಾಯಿಂದ ಬರುವುದು ‘ಶಾಲೋಮ್’ ಎಂಬ ಒಂದೇ ಮಾತು. ದಾರಿಯಲ್ಲಿ ಎದುರುಗೊಂಡ ಪ್ರವಾದಿಯ ಸೇವಕನು ನೀನು ಕ್ಷೇಮವೋ, ಗಂಡ ಕ್ಷೇಮವೋ, ಮಗು ಕ್ಷೇಮವೋ ಎಂದು ವಿಚಾರಿಸಿದಾಗಲೂ ಅದೇ ಉತ್ತರ: ‘ಶಾಲೋಮ್’. ಶಾಂತಿ, ಕ್ಷೇಮ, ಕುಂದಿಲ್ಲದಿರುವಿಕೆ ಎಂಬೆಲ್ಲ ಅರ್ಥಗಳನ್ನು ಒಳಗೊಂಡ ಆ ಇಬ್ರಿಯ ಪದವನ್ನು ಅವಳು ಸತ್ತ ಮಗನನ್ನು ಮನೆಯಲ್ಲಿ ಬಿಟ್ಟುಬಂದು ಆಡಿದ್ದಳು. ನೀವು ಸಭೆಯ ಬಾಗಿಲಲ್ಲಿ ‘ಚೆನ್ನಾಗಿದ್ದೇನೆ’ ಎನ್ನುವುದು ಇದಕ್ಕಿಂತ ಬೇರೆಯಲ್ಲ. ದಾರಿಯಲ್ಲಿ ಸಿಕ್ಕವರಿಗೆಲ್ಲ ಎದೆ ತೆರೆದು ತೋರಿಸಬೇಕೆಂದು ಸತ್ಯವೇದ ಎಲ್ಲಿಯೂ ಹೇಳುವುದಿಲ್ಲವಾದ್ದರಿಂದ ಆ ಮಾತಿಗಾಗಿ ನಾಚಿಕೊಳ್ಳಬೇಡಿ.

ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಕರ್ಮೆಲ್ ಬೆಟ್ಟದಲ್ಲಿ ಪ್ರವಾದಿಯನ್ನು ಕಂಡೊಡನೆ ಅವಳು ಅವನ ಕಾಲುಗಳನ್ನು ಹಿಡಿದುಕೊಳ್ಳುತ್ತಾಳೆ. ‘ನಾನು ಮಗನನ್ನು ಬೇಡಿದ್ದೆನೇ? ನನ್ನನ್ನು ಮೋಸಗೊಳಿಸಬೇಡವೆಂದು ಆಗಲೇ ಹೇಳಲಿಲ್ಲವೇ?’ ಎಂದು ಕೇಳುತ್ತಾಳೆ. ಸೇವಕ ಅವಳನ್ನು ನೂಕಲು ಮುಂದಾಗುತ್ತಾನೆ. ಆಗ ಎಲೀಷ, ಅವಳನ್ನು ಬಿಡು, ಅವಳ ಮನಸ್ಸು ನೊಂದಿದೆ, ಕಾರಣವನ್ನು ದೇವರು ನನಗೂ ತಿಳಿಸಿಲ್ಲ ಎನ್ನುತ್ತಾನೆ. ನಿಮ್ಮ ವಿಶ್ವಾಸಕ್ಕೆ ತೂಕದ ಕಲ್ಲು ಹಿಡಿದ ಆ ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಮಾತಾಡಿರಬಹುದು, ಆದರೆ ಅವರು ನಿಂತದ್ದು ಎಲೀಷನ ಜಾಗದಲ್ಲಲ್ಲ, ನೂಕಲು ಬಂದ ಸೇವಕನ ಜಾಗದಲ್ಲಿ. ತನಗೆ ಗೊತ್ತಿಲ್ಲವೆಂದು ಒಪ್ಪಿಕೊಂಡದ್ದೇ ಪ್ರವಾದಿ ಅಂದು ತೋರಿದ ದೊಡ್ಡ ಕರುಣೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಆ ತಾಯಿಗೆ ಮಗ ಮರಳಿ ಸಿಕ್ಕಿದನಲ್ಲ, ನನ್ನವರು ಬರಲಿಲ್ಲವಲ್ಲ ಎಂದು ನೀವು ಕೇಳಬಹುದು. ಕೇಳುವ ಹಕ್ಕು ನಿಮಗಿದೆ. ಪುನರುತ್ಥಾನವನ್ನು ನಾನು ನಂಬುತ್ತೇನೆ, ನೀವೂ ನಂಬುತ್ತೀರಿ. ಆದರೂ ಆ ನಿರೀಕ್ಷೆಯನ್ನು ಕಣ್ಣೀರು ಒರೆಸುವ ಬಟ್ಟೆಯಂತೆ ಬಳಸಿ ಎಸೆಯುವವರನ್ನು ಕಂಡರೆ ನನಗೆ ಹಿಡಿಸುವುದಿಲ್ಲ. ಸತ್ತ ಗೆಳೆಯ ಲಾಜರನನ್ನು ಕೆಲವೇ ನಿಮಿಷಗಳಲ್ಲಿ ಎಬ್ಬಿಸುವೆನೆಂದು ತಿಳಿದಿದ್ದ ಯೇಸು ಕೂಡ ಸಮಾಧಿಯ ದಾರಿಯಲ್ಲಿ ಅತ್ತನು. ಥೆಸಲೋನಿಕದವರಿಗೆ ಬರೆಯುವಾಗ ಪೌಲನು ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿ ಎಂದನೇ ಹೊರತು ದುಃಖಿಸಲೇಬೇಡಿ ಎನ್ನಲಿಲ್ಲ.

ಇನ್ನು ನೀವು ನೆನೆಸಿಕೊಂಡ ವಾಗ್ದಾನ. ‘ನಿಮ್ಮ ಹೃದಯವು ಕಳವಳಗೊಳ್ಳದಿರಲಿ’ ಎಂಬ ಮಾತು ಯೋಹಾನನ 14ನೆಯ ಅಧ್ಯಾಯದಲ್ಲಿ ಎರಡು ಸಲ ಬರುತ್ತದೆ. ಅಲ್ಲಿ ‘ಕಳವಳ’ ಎಂದು ನಾವು ಓದುವ ಗ್ರೀಕ್ ಕ್ರಿಯಾಪದ ‘ತರಾಸ್ಸೊ’. ಕಲಕು, ಕದಡು ಎಂಬುದು ಅದರ ಅರ್ಥ. ಅದೇ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಕೊಳದ ನೀರು ಕಲಕುವುದನ್ನು ಹೇಳಲು ಬಳಸಿರುವುದೂ ಇದೇ ಪದ. ಶಿಷ್ಯರಿಗೆ ಹೀಗೆ ಹೇಳುವುದಕ್ಕೆ ಮೊದಲು ಯೇಸುವಿನ ಮೇಲೆಯೇ ಯೋಹಾನನು ಈ ಪದವನ್ನು ಮೂರು ಸಲ ಬಳಸಿದ್ದಾನೆ: ಲಾಜರನಿಗಾಗಿ ಅಳುವವರ ನಡುವೆ, ತನ್ನ ಗಳಿಗೆ ಬಂತೆಂದು ನುಡಿದಾಗ, ಯೂದನ ದ್ರೋಹವನ್ನು ತಿಳಿಸಿದಾಗ. ಹಾಗಾದರೆ ‘ನನ್ನ ಶಾಂತಿಯನ್ನು ನಿಮಗೆ ಕೊಡುತ್ತೇನೆ’ ಎಂದವನು ಮೂರು ಸಲ ಕಲಕಿಹೋದ ಹೃದಯದವನು, ಮಾರನೆಯ ದಿನ ಶಿಲುಬೆಗೇರಬೇಕಾಗಿದ್ದವನು. ಕದಡದ ನೀರನ್ನೇ ಶಾಂತಿಯೆಂದು ತಿಳಿದರೆ ಅದನ್ನು ಕೊಟ್ಟವನಲ್ಲಿಯೇ ಆ ರಾತ್ರಿ ಅದು ಇರಲಿಲ್ಲವೆಂದು ಹೇಳಬೇಕಾದೀತು. ಅವನಲ್ಲಿ ಇದ್ದದ್ದು ತಂದೆ ತನ್ನ ಕೈ ಬಿಡುವುದಿಲ್ಲ ಎಂಬ ಹಿಡಿತ. ಬಂಧನಕ್ಕೆ ಮುಂಚೆ ಗೆತ್ಸೇಮನೆ ತೋಟದಲ್ಲಿ ನೆಲಕ್ಕೆ ಬಿದ್ದು ಒಂದೇ ಮಾತನ್ನು ಮೂರು ಸಲ ಪ್ರಾರ್ಥಿಸಿದಾಗ ಉಳಿದದ್ದೂ ಅದೇ.

ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯದ ಮಾತು ನಿಮಗೆ ಬಾಯಿಪಾಠವಿರಬಹುದು: ಎಲ್ಲ ಗ್ರಹಿಕೆಯನ್ನು ಮೀರಿದ ದೇವಶಾಂತಿಯು ನಿಮ್ಮ ಹೃದಯಗಳನ್ನೂ ಯೋಚನೆಗಳನ್ನೂ ಕಾಯುವುದು. ಇಲ್ಲಿಯ ‘ಕಾಯುವುದು’ ಸೈನಿಕರ ಪದ. ಊರಿಗೆ ದಂಡಿನ ಪಹರೆ ಹಾಕುವುದಕ್ಕೆ ಹೇಳುವ ಮಾತು. ಫಿಲಿಪ್ಪಿಯು ಕ್ರಿ.ಪೂ. 42ರ ಯುದ್ಧದ ತರುವಾಯ ರೋಮಿನ ನಿವೃತ್ತ ಸೈನಿಕರು ನೆಲೆಸಿದ ಪಟ್ಟಣ. ಪೌಲನಂತೂ ಆಗ ಬೇಡಿ ತೊಟ್ಟು ಕಾವಲಿನಲ್ಲಿದ್ದವನು. ಪಹರೆಯೆಂದರೆ ಏನೆಂದು ಬರೆದವನಿಗೂ ಗೊತ್ತಿತ್ತು, ಓದಿದವರಿಗೂ ಗೊತ್ತಿತ್ತು. ಕೋಟೆಯ ಒಳಗಿರುವವರು ನಡುಗುತ್ತಿರಬಹುದು, ಅಳುತ್ತಿರಬಹುದು, ನಿದ್ದೆ ಬಾರದೆ ಹೊರಳುತ್ತಿರಬಹುದು; ಅಷ್ಟರಿಂದ ಕಾವಲುಗಾರ ಬಾಗಿಲು ಬಿಟ್ಟು ಹೋದನೆಂದಾಗುವುದಿಲ್ಲ. ನೀವು ಹದಿನಾಲ್ಕು ತಿಂಗಳಿಂದ ನಿಮ್ಮ ಶಾಂತಿಯನ್ನು ಕಾಯಲು ಹೊರಟು ಸೋತಿದ್ದೀರಿ. ಅದು ನಿಮ್ಮನ್ನು ಕಾಯಲು ಬಂದದ್ದು. ದುಃಖದ ನಡುವೆಯೂ ಈ ಪತ್ರದಲ್ಲಿ ನೀವು ಕೇಳಿದ್ದು ದೇವರಿದ್ದಾನೆಯೇ ಎಂದಲ್ಲ, ಅವನು ಕೊಡುತ್ತೇನೆಂದದ್ದು ಎಲ್ಲಿ ಎಂದು. ಆ ಕಾವಲು ಇನ್ನೂ ಇದೆ ಎಂಬುದಕ್ಕೆ ನನಗೆ ನಿಮ್ಮ ಪ್ರಶ್ನೆಯೇ ಸಾಕಾಗಿದೆ.

ಎರಡು ಮಾತು ಮಾತ್ರ ಸೇರಿಸುತ್ತೇನೆ. ಕಾಲು ಹಿಡಿದುಕೊಂಡು ಅಳಬಹುದಾದ ಒಬ್ಬರನ್ನು ಸಭೆಯಲ್ಲಿ ಹುಡುಕಿಕೊಳ್ಳಿ. ಉಳಿದವರಿಗೆಲ್ಲ ‘ಚೆನ್ನಾಗಿದ್ದೇನೆ’ ಎಂದರೂ ಅವರಿಗೆ ಮಾತ್ರ ಹಾಗೆನ್ನಬೇಡಿ. ಕನ್ನಡಕವನ್ನು ಯಾರ ಬಲವಂತಕ್ಕೂ ಒರೆಸಬೇಡಿ.

ಪ್ರಶ್ನೆ: ನನ್ನ ವಯಸ್ಸು 47. ದುಡಿಯುತ್ತಿದ್ದ ಸಂಸ್ಥೆ ಮುಚ್ಚಿ ಏಳು ತಿಂಗಳಾಯಿತು. ಭಾನುವಾರದ ಆರಾಧನೆಯಲ್ಲಿ ಮನಸ್ಸು ಹತ್ತಿಯಂತೆ ಹಗುರಾಗುತ್ತದೆ, ಇನ್ನು ಹೆದರಲಾರೆ ಎಂದುಕೊಳ್ಳುತ್ತೇನೆ. ಸೋಮವಾರ ಮಧ್ಯಾಹ್ನದ ಹೊತ್ತಿಗೆ ಅದೆಲ್ಲ ಆವಿಯಾಗಿರುತ್ತದೆ. ಹೆಂಡತಿ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಮೇಲೆ ಐದು ನಿಮಿಷಕ್ಕೊಮ್ಮೆ ಫೋನ್ ನೋಡುತ್ತಾ ಕೂರುತ್ತೇನೆ. ಶಾಶ್ವತವಾದ ಶಾಂತಿ ಎಂದು ಬೋಧಿಸುತ್ತೀರಿ. ನನ್ನದು ಒಂದು ದಿನವೂ ಬಾಳುತ್ತಿಲ್ಲ.

ಉತ್ತರ: ಸಹೋದರರೇ, ನಿಮ್ಮ ಮಧ್ಯಾಹ್ನದ ವರ್ಣನೆ ಓದಿ, ಹದಿನಾರು ಶತಮಾನಗಳ ಹಿಂದಿನ ಒಬ್ಬರ ಬರಹವನ್ನು ಮತ್ತೆ ತೆಗೆದು ನೋಡಿದೆ. 4ನೆಯ ಶತಮಾನದ ಕೊನೆಯಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಬಾಳಿದ ಎವಾಗ್ರಿಯಸ್ ಎಂಬ ಸನ್ಯಾಸಿ, ನಡುಹಗಲಿನಲ್ಲಿ ಬಂದು ಮುತ್ತುವ ಒಂದು ಪೀಡೆಯ ಬಗ್ಗೆ ಬರೆಯುತ್ತಾರೆ. ಅದು ಹಿಡಿದವನಿಗೆ ಸೂರ್ಯ ಚಲಿಸುತ್ತಿಲ್ಲವೆನ್ನಿಸುತ್ತದಂತೆ, ದಿನಕ್ಕೆ 50 ಗಂಟೆಗಳಿರುವಂತೆ ತೋರುತ್ತದಂತೆ, ಅವನು ಮತ್ತೆ ಮತ್ತೆ ಕಿಟಕಿಯಿಂದ ಹೊರಗೆ ಇಣುಕುತ್ತಾನಂತೆ, ಯಾರಾದರೂ ಬರುತ್ತಾರೇನೋ ಎಂದು ನೋಡುತ್ತಾನಂತೆ. ಅವರ ಕಾಲದಲ್ಲಿ ಕಿಟಕಿ, ನಿಮ್ಮ ಕೈಯಲ್ಲಿ ಫೋನ್; ವ್ಯತ್ಯಾಸ ಅಷ್ಟೇ. ಇಷ್ಟು ಕಟ್ಟುನಿಟ್ಟಿನ ಭಕ್ತಿಯಲ್ಲಿ ಬಾಳಿದವರನ್ನೇ ಅದು ಬಿಡಲಿಲ್ಲವೆಂದ ಮೇಲೆ ಸೋಮವಾರ ಮಧ್ಯಾಹ್ನ ನೀವು ಕುಸಿಯುವುದನ್ನು ಭಾನುವಾರದ ಆರಾಧನೆ ಸುಳ್ಳೆಂಬುದಕ್ಕೆ ಸಾಕ್ಷಿಯಾಗಿ ಎಣಿಸಬೇಡಿ.

ಎವಾಗ್ರಿಯಸ್ ಹೇಳುವ ಮದ್ದು ನನಗೆ ಬಹಳ ಹಿಡಿಸಿದೆ. ಆ ಹೊತ್ತಿನಲ್ಲಿ ಮನಸ್ಸನ್ನು ಎರಡು ಪಾಲು ಮಾಡಿ, ಒಂದು ಪಾಲು ಸಂತೈಸಲಿ, ಇನ್ನೊಂದು ಸಂತೈಸಿಕೊಳ್ಳಲಿ, ಜೊತೆಗೆ 42ನೆಯ ಕೀರ್ತನೆಯ ಸಾಲನ್ನು ಹೇಳಿಕೊಳ್ಳಿ ಎನ್ನುತ್ತಾರೆ: ನನ್ನ ಮನವೇ, ಏಕೆ ಕುಗ್ಗಿಹೋಗಿದ್ದೀ, ದೇವರನ್ನು ನಿರೀಕ್ಷಿಸು. 42 ಮತ್ತು 43ನೆಯ ಕೀರ್ತನೆಗಳಲ್ಲಿ ಈ ಪಲ್ಲವಿ ಮೂರು ಸಲ ಬರುತ್ತದೆ ಎಂಬುದನ್ನು ಗಮನಿಸಿ. ಮೊದಲನೆಯ ಸಲ ಹೇಳಿಕೊಂಡಾಗಲೇ ಕವಿಯ ಮನಸ್ಸು ನೆಟ್ಟಗಾಗಿದ್ದರೆ ಇನ್ನೆರಡು ಸಲ ಬರೆಯುವ ಅಗತ್ಯವಿರಲಿಲ್ಲ. ನಾವು ದಿನವಿಡೀ ನಮ್ಮ ಮನಸ್ಸು ಹೇಳಿದ್ದನ್ನು ಕೇಳಿಸಿಕೊಳ್ಳುತ್ತೇವೆ. ಕೀರ್ತನೆಗಾರ ತಿರುಗಿ ಅದಕ್ಕೆ ಮಾತು ಹೇಳುತ್ತಾನೆ. ಬಾಯಿಬಿಟ್ಟು, ಕಿವಿಗೆ ಬೀಳುವಂತೆ ಹೇಳಿಕೊಳ್ಳಿ. ಮನೆಯಲ್ಲಿ ಯಾರೂ ಇಲ್ಲದಿರುವುದರಿಂದ ಆಗುವ ಒಂದು ಅನುಕೂಲ ಇದು.

ಶಾಶ್ವತ ಎಂಬ ಪದದ ಬಗ್ಗೆ ನಿಮ್ಮ ಆಕ್ಷೇಪಕ್ಕೆ ಬರುತ್ತೇನೆ. ಇಸ್ರಾಯೇಲ್ಯರಿಗೆ ಅಡವಿಯಲ್ಲಿ ದೇವರಿಂದ ದೊರೆತ ಆಹಾರವಾದ ಮನ್ನದ ವೃತ್ತಾಂತವನ್ನು ನೀವು ಬಲ್ಲಿರಿ. ಅಂದಂದಿನದನ್ನು ಅಂದಂದು ಕೂಡಿಸಬೇಕಾಗಿತ್ತು. ನಾಳೆಗೆಂದು ಎತ್ತಿಟ್ಟವರ ಪಾತ್ರೆಯಲ್ಲಿ ಬೆಳಗಾಗುವಷ್ಟರಲ್ಲಿ ಹುಳ ಬಿದ್ದು ನಾತ ಹೊಡೆಯಿತು. ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ಮುನ್ನಾದಿನ ಕೂಡಿಸಿದ್ದಕ್ಕೆ ಮಾತ್ರ ವಿನಾಯಿತಿ. ಭಾನುವಾರದ ಸಮಾಧಾನವನ್ನು ನೀವು ವಾರಕ್ಕೆಲ್ಲ ಆಗುವಂತೆ ಡಬ್ಬಿಯಲ್ಲಿ ತುಂಬಿಡಲು ನೋಡುತ್ತಿದ್ದೀರಿ, ಅದು ಸೋಮವಾರಕ್ಕೇ ಕೆಡುತ್ತಿದೆ. ಮನ್ನ ಶಾಶ್ವತವಾಗಿರಲಿಲ್ಲ, ಆದರೆ 40 ವರ್ಷ ಬರುವುದನ್ನು ಬಿಡಲೂ ಇಲ್ಲ. ಶಾಂತಿಯ ಶಾಶ್ವತತೆಯನ್ನು ನಾನು ಈ ರೀತಿಯಲ್ಲಿಯೇ ಅರ್ಥ ಮಾಡಿಕೊಂಡಿದ್ದೇನೆ: ಕೊಡುವವನು ಮುಗಿಯುವುದಿಲ್ಲ, ತೆಗೆದುಕೊಳ್ಳುವ ಕೆಲಸವೂ ಮುಗಿಯುವುದಿಲ್ಲ. ಆಯಾ ದಿನದ ಪಾಡು ಆಯಾ ದಿನಕ್ಕೆ ಸಾಕು ಎಂಬ ಯೇಸುವಿನ ಮಾತಿನಲ್ಲಿ ದಿನಕ್ಕೊಂದು ಪಾಡು ಇದ್ದೇ ಇರುತ್ತದೆ ಎಂಬ ಒಪ್ಪಿಗೆಯೂ ಅಡಗಿದೆ.

1736ರ ಜನವರಿಯಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ನಡೆದ ಒಂದು ಘಟನೆಯನ್ನು ಮೆಥಡಿಸ್ಟ್ ಪಂಥಕ್ಕೆ ಕಾರಣರಾದ ಇಂಗ್ಲಿಷ್ ಬೋಧಕ ಜಾನ್ ವೆಸ್ಲಿ ತಮ್ಮ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಮೊರೇವಿಯನ್ ಸಭೆಗೆ ಸೇರಿದ ಜರ್ಮನರು ಹಡಗಿನಲ್ಲಿ ಕೂಡಿ ಕೀರ್ತನೆ ಹಾಡುತ್ತಿದ್ದಾಗ ಅಲೆಯೊಂದು ಅಪ್ಪಳಿಸಿ, ದೊಡ್ಡ ಹಾಯಿ ಚೂರಾಗಿ, ನೀರು ಒಳನುಗ್ಗಿತು. ಇಂಗ್ಲಿಷರು ಚೀರಾಡಿದರು, ಜರ್ಮನರು ಹಾಡು ನಿಲ್ಲಿಸಲಿಲ್ಲ. ಆಮೇಲೆ ವೆಸ್ಲಿ ಅವರಲ್ಲೊಬ್ಬನನ್ನು, ನಿಮಗೆ ಹೆದರಿಕೆಯಾಗಲಿಲ್ಲವೇ ಎಂದು ಕೇಳಿದರೆ, ದೇವರಿಗೆ ಸ್ತೋತ್ರ, ಇಲ್ಲ ಎಂಬ ಉತ್ತರ ಬಂತು. ಬೋಧಕರು ಈ ಪ್ರಸಂಗವನ್ನು ಹೇಳುವಾಗ ಆ ಜನರ ಧೈರ್ಯವನ್ನು ಹೊಗಳಿ ಮುಗಿಸಿಬಿಡುತ್ತಾರೆ. ನನ್ನ ಕಣ್ಣಿಗೆ ಬೀಳುವುದು ಇನ್ನೊಂದು: ಬಿರುಗಾಳಿ ಬಂತೆಂದು ಅವರು ಹಾಡಲು ತೊಡಗಲಿಲ್ಲ; ಅದು ಅವರ ಆರಾಧನೆಯ ಹೊತ್ತಾಗಿತ್ತು, ಹಾಡು ಆಗಲೇ ನಡೆದಿತ್ತು. ಅಷ್ಟೇ ಮುಖ್ಯವಾದದ್ದು, ಅವರಲ್ಲಿ ಯಾರೂ ಒಂಟಿಯಾಗಿ ಹಾಡುತ್ತಿರಲಿಲ್ಲ. ವೆಸ್ಲಿಗೆ ತಮ್ಮ ಹೃದಯ ವಿಚಿತ್ರವಾಗಿ ಬೆಚ್ಚಗಾದ ಅನುಭವ ಆದದ್ದು ಎರಡು ವರ್ಷಗಳ ಮೇಲೆ, 1738ರ ಮೇ 24ರಂದು. ಅದೇ ರಾತ್ರಿ ಮನೆಗೆ ಹೋದ ಮೇಲೆ ಶೋಧನೆಗಳು ಮತ್ತೆ ಮುತ್ತಿದವೆಂದೂ ಅವರೇ ಬರೆದಿದ್ದಾರೆ.

ಹಾಗಾಗಿ, ಕೆಲಸ ಹುಡುಕಲು ಬೆಳಗಿನ ಕೆಲವು ಗಂಟೆಗಳನ್ನು ಗೊತ್ತುಮಾಡಿಕೊಂಡು ಆಮೇಲೆ ಫೋನನ್ನು ಬೇರೆ ಕೋಣೆಯಲ್ಲಿಡಿ. ಮಧ್ಯಾಹ್ನ ಮೂರಕ್ಕೆ, ಮನಸ್ಸು ಬಂದರೂ ಬಾರದಿದ್ದರೂ, ಒಂದು ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಮೂರರ ಭಯ ಹೇಗಿರುತ್ತದೆಂದು ಹೆಂಡತಿಗೆ ಹೇಳಿ. ನೀವು ಅವರಿಗೆ ಈವರೆಗೆ ಹೇಳಿಲ್ಲವೆಂದು ಪತ್ರದ ಧಾಟಿಯಿಂದ ನನ್ನ ಊಹೆ.

ಪ್ರಶ್ನೆ: ಖಿನ್ನತೆಗೆ ವೈದ್ಯರು ಮಾತ್ರೆ ಬರೆದುಕೊಟ್ಟಿದ್ದಾರೆ. ಪ್ರಾರ್ಥನೆಯಲ್ಲಿ ನಂಬಿಕೆಯಿದ್ದರೆ ಮಾತ್ರೆ ಏಕೆ ಎಂದು ನಮ್ಮ ಪ್ರಾರ್ಥನಾಕೂಟದವರು ಕೇಳುತ್ತಾರೆ. ನಿಲ್ಲಿಸಲೇ?

ಉತ್ತರ: ನಿಲ್ಲಿಸಬೇಡಿ. ಅಂಥ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಥಟ್ಟನೆ ಬಿಡುವುದರಿಂದ ಮೈಗೂ ಮನಸ್ಸಿಗೂ ತೊಂದರೆಯಾಗಬಹುದು. ಕೂಟದವರಲ್ಲಿ ಕನ್ನಡಕ ಹಾಕಿಕೊಂಡು ಸತ್ಯವೇದ ಓದುವವರು ಎಷ್ಟು ಮಂದಿ ಎಂದು ಎಣಿಸಿ ನೋಡಿ. ಅವರ ದೃಷ್ಟಿಗಾಗಿ ಯಾರೂ ಅವರ ನಂಬಿಕೆಯನ್ನು ಪ್ರಶ್ನಿಸಿಲ್ಲ.

ಮೊದಲನೆಯ ಅರಸುಗಳ ಗ್ರಂಥದ 19ನೆಯ ಅಧ್ಯಾಯದಲ್ಲಿ ಎಲೀಯನು ಜಾಲಿಯ ಗಿಡದ ಕೆಳಗೆ ಕುಳಿತು ಸಾವನ್ನು ಬೇಡಿದಾಗ ದೇವದೂತನು ಅವನಿಗೆ ಬೋಧನೆ ಮಾಡಲಿಲ್ಲ, ತಪ್ಪನ್ನೂ ಎತ್ತಿ ತೋರಿಸಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮಲಗಲು ಬಿಟ್ಟ. ಎಬ್ಬಿಸಿ ಮತ್ತೆ ಅದನ್ನೇ ಕೊಟ್ಟ. ಪ್ರಯಾಣ ನಿನ್ನ ಶಕ್ತಿಗೆ ಮೀರಿದ್ದು ಎಂದು ಹೇಳಿದ್ದೂ ಅವನೇ. ದೇವರ ಸೂಕ್ಷ್ಮ ಸ್ವರವನ್ನು ಪ್ರವಾದಿ ಕೇಳಿಸಿಕೊಂಡದ್ದು ಈ ದೇಹದ ಆರೈಕೆಯಾದ ನಲವತ್ತು ದಿನಗಳ ನಂತರ. 18ನೆಯ ಶತಮಾನದ ಆಂಗ್ಲ ಕವಿ ವಿಲಿಯಂ ಕೌಪರ್ ಅವರು ಬೋಧಕ ಜಾನ್ ನ್ಯೂಟನ್ ಜೊತೆಗೂಡಿ 1779ರಲ್ಲಿ ಹೊರತಂದ ಗೀತಸಂಗ್ರಹದಿಂದ ಸಭೆಗಳು ಇಂದಿಗೂ ಹಾಡುತ್ತವೆ. ಆ ಕೌಪರ್ ಬಾಳಿನುದ್ದಕ್ಕೂ ತೀವ್ರ ಖಿನ್ನತೆಯಿಂದ ನರಳಿದವರು. 1773ರಲ್ಲಿ ಅವರ ಕಾಯಿಲೆ ಉಲ್ಬಣಿಸಿದಾಗ ನ್ಯೂಟನ್ ಅವರನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ತಮ್ಮ ಮನೆಯಲ್ಲಿಯೇ ಇಟ್ಟುಕೊಂಡು ನೋಡಿಕೊಂಡರು. ನಿಮ್ಮ ಕೂಟದವರು ಅನುಸರಿಸಬೇಕಾದದ್ದು ನ್ಯೂಟನ್ ಅವರನ್ನು. ಸಾಯಬೇಕೆಂಬ ಯೋಚನೆ ನಿಮಗೆ ಬರುತ್ತಿದ್ದರೆ ಇಂದೇ, ಈ ಪತ್ರಿಕೆಯನ್ನು ಮಡಚಿಟ್ಟು, ಹತ್ತಿರದವರೊಬ್ಬರಿಗೂ ನಿಮ್ಮ ವೈದ್ಯರಿಗೂ ತಿಳಿಸಿ.

ಪ್ರಶ್ನೆ: ತಂದೆಯ ಆಸ್ತಿಯಲ್ಲಿ ನನ್ನ ಪಾಲನ್ನು ಅಣ್ಣ ಸುಳ್ಳು ಪತ್ರ ಮಾಡಿಸಿ ಲಪಟಾಯಿಸಿದ್ದಾನೆ. ಕ್ಷಮಿಸಿದರೆ ಮಾತ್ರ ಮನಶ್ಶಾಂತಿ ಎಂದು ಬೋಧಕರು ಹೇಳುತ್ತಾರೆ. ಕ್ಷಮಿಸಿದೆನೆಂದು ಎಷ್ಟು ಸಲ ಹೇಳಿಕೊಂಡರೂ ಅವನ ಗಾಡಿಯ ಸದ್ದು ಕೇಳಿದರೆ ಹೊಟ್ಟೆ ಉರಿಯುತ್ತದೆ.

ಉತ್ತರ: ಆದಿಕಾಂಡದ ಯೋಸೇಫನನ್ನು ಅಣ್ಣಂದಿರು ಮಾರಿದಾಗ ಅವನಿಗೆ ಹದಿನೇಳು ವರ್ಷ, ಸಿಕ್ಕ ಬೆಲೆ 20 ಬೆಳ್ಳಿ ನಾಣ್ಯ. ಅವನು ಅವರ ಮುಂದೆ ತನ್ನ ಗುರುತು ಹೇಳಿಕೊಂಡದ್ದು ಸುಮಾರು 22 ವರ್ಷಗಳ ಮೇಲೆ. ಈ ನಡುವೆ ಹುಟ್ಟಿದ ಚೊಚ್ಚಲ ಮಗನಿಗೆ, ತವರಿನ ನೆನಪನ್ನೆಲ್ಲ ದೇವರು ಮರೆಸಿದನೆಂದು ಮನಸ್ಸೆ ಎಂಬ ಹೆಸರಿಟ್ಟ. ಮಗನನ್ನು ಕರೆದಾಗಲೆಲ್ಲ ‘ಮರೆವು’ ಎಂದು ಕೂಗಬೇಕಾದವನು ಎಷ್ಟರಮಟ್ಟಿಗೆ ಮರೆತಿದ್ದನೋ ದೇವರೇ ಬಲ್ಲ. ಅಣ್ಣಂದಿರು ಎದುರು ಬಂದು ನಿಂತಾಗ ಅವರನ್ನು ಮೂರು ದಿನ ಸೆರೆಯಲ್ಲಿಟ್ಟ, ಮರೆಗೆ ಹೋಗಿ ಅತ್ತ, ಮತ್ತೆ ಪರೀಕ್ಷಿಸಿದ. ತಮ್ಮನ ಬದಲು ನನ್ನನ್ನು ಗುಲಾಮನಾಗಿ ಇಟ್ಟುಕೋ ಎಂದು ಅಣ್ಣಂದಿರಲ್ಲೊಬ್ಬನಾದ ಯೆಹೂದನು ಮುಂದೆ ಬಂದಾಗಲೇ ಯೋಸೇಫನ ಕಟ್ಟೆ ಒಡೆದದ್ದು. ಕ್ಷಮಿಸುವುದು ಒಂದು, ಮತ್ತೆ ಒಂದಾಗುವುದು ಇನ್ನೊಂದು. ಮೊದಲನೆಯದಕ್ಕೆ ಅಣ್ಣನ ಒಪ್ಪಿಗೆ ಬೇಕಿಲ್ಲ. ಎರಡನೆಯದಕ್ಕೆ ಅಣ್ಣ ಬದಲಾಗಬೇಕು. ರೋಮಾಪುರದವರಿಗೆ ಬರೆಯುವಾಗ ಪೌಲನು ಎಲ್ಲರೊಂದಿಗೆ ಸಮಾಧಾನದಿಂದಿರಿ ಎಂದಷ್ಟೇ ಹೇಳದೆ, ಸಾಧ್ಯವಾದರೆ, ನಿಮ್ಮಿಂದ ಆಗುವ ಮಟ್ಟಿಗೆ, ಎಂದು ಎರಡು ಷರತ್ತು ಸೇರಿಸಿದ್ದಾನೆ. ನಿಮ್ಮ ಪಾಲನ್ನು ಕಾನೂನಿನ ದಾರಿಯಲ್ಲಿ ಕೇಳುವುದು ಕ್ಷಮೆಗೆ ವಿರುದ್ಧವಲ್ಲ. ಅವನು ಹಾಳಾಗಲಿ ಎಂದು ಬಯಸುವುದು ಮಾತ್ರ ವಿರುದ್ಧ. ಗಾಡಿಯ ಸದ್ದಿಗೆ ಹೊಟ್ಟೆ ಉರಿದಾಗ, ಕ್ಷಮಿಸಿದೆನೆಂದು ಬಾಯಲ್ಲಿ ಸಾಧಿಸುವುದಕ್ಕಿಂತ ‘ಕರ್ತನೇ, ಇವತ್ತು ಇಷ್ಟು ಉರಿಯುತ್ತಿದೆ’ ಎಂದು ಅಳತೆ ಒಪ್ಪಿಸಿಬಿಡಿ.

ಪ್ರಶ್ನೆ: ನಾನು ಕ್ರೈಸ್ತನಲ್ಲ, ಧ್ಯಾನ ಮಾಡುವವನು. ಧ್ಯಾನದಲ್ಲಿ ಸಿಗುವ ನೆಮ್ಮದಿಗೂ ನೀವು ಹೇಳುವ ಶಾಂತಿಗೂ ಏನು ವ್ಯತ್ಯಾಸ?

ಉತ್ತರ: ನಿಮ್ಮ ಅಭ್ಯಾಸವನ್ನು ಕೀಳಾಗಿ ಕಾಣುವ ಅಧಿಕಾರ ನನಗಿಲ್ಲ; ಉಸಿರು ನಿಧಾನವಾದರೆ ಮನಸ್ಸು ತಣಿಯುವುದು ನನ್ನ ಅನುಭವವೂ ಹೌದು. ಕ್ರೈಸ್ತರಲ್ಲಿಯೂ ಮೌನಪ್ರಾರ್ಥನೆಯ ಹಳೆಯ ಪರಂಪರೆಯಿದೆ. ಆದರೆ ನಮ್ಮ ವಿಶ್ವಾಸದ ನಡುವೆ ಇರುವುದು ಒಂದು ಸಾಧನೆಯಲ್ಲ, ಒಬ್ಬ ವ್ಯಕ್ತಿ. ಸಾಧನೆ ಕೈಕೊಟ್ಟ ದಿನವೂ, ಏಕಾಗ್ರತೆ ಚೂರುಚೂರಾದ ದಿನವೂ ಆತನು ನಮ್ಮನ್ನು ಬಿಟ್ಟುಹೋಗಿರುವುದಿಲ್ಲ ಎಂಬುದು ನಮ್ಮ ಸಾಕ್ಷಿ. ಹಾಗೆ ಇದ್ದಾನೆಂದು ಅನ್ನಿಸಲೇಬೇಕೆಂದೂ ಇಲ್ಲ: ಮದರ್ ತೆರೇಸಾ ಅವರು 1997ರಲ್ಲಿ ತೀರಿಕೊಂಡ ಹತ್ತು ವರ್ಷಗಳ ಮೇಲೆ ಪ್ರಕಟವಾದ ಪತ್ರಗಳಿಂದ, ದಶಕಗಳ ಕಾಲ ಅವರಿಗೆ ದೇವರ ಸಾನ್ನಿಧ್ಯ ಅನುಭವಕ್ಕೇ ಬರಲಿಲ್ಲವೆಂದು ತಿಳಿಯಿತು. ಅವರು ಆ ಕತ್ತಲೆಯಲ್ಲಿಯೇ ಪ್ರಾರ್ಥಿಸಿದರು, ಅದರಲ್ಲಿಯೇ ದುಡಿದರು.

ಪ್ರಶ್ನೆ: ಪ್ರಾರ್ಥನೆಗೆ ಕುಳಿತರೆ ಮಾತೇ ಹೊರಡುವುದಿಲ್ಲ. ಸುಮ್ಮನೆ ಕೂರುವುದೂ ಪ್ರಾರ್ಥನೆಯೇ?

ಉತ್ತರ: ಹೌದು. ಏನು ಬೇಡಬೇಕೆಂದು ನಮಗೆ ತಿಳಿಯದಿರುವಾಗ ದೇವರ ಆತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆ ಎಂದು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯದಲ್ಲಿದೆ. ಮಾತು ಬೇಕೇ ಬೇಕೆನ್ನಿಸಿದರೆ ಸಾಲ ಪಡೆಯಿರಿ. 88ನೆಯ ಕೀರ್ತನೆಯನ್ನು ಓದಿ. ಅದು ಕತ್ತಲೆ ಎಂಬ ಪದದೊಂದಿಗೆ ಮುಗಿಯುತ್ತದೆ, ಕೊನೆಯಲ್ಲಿ ಸ್ತೋತ್ರವಿಲ್ಲ, ಬೆಳಕಿಲ್ಲ, ಆದರೂ ಅದನ್ನು ಗ್ರಂಥದಿಂದ ಯಾರೂ ಕಿತ್ತುಹಾಕಲಿಲ್ಲ.

ನನ್ನ ಹೆಂಡತಿ ತೀವ್ರ ನಿಗಾ ಘಟಕದಲ್ಲಿದ್ದ ರಾತ್ರಿಗಳಲ್ಲಿ ನಾನು ಹೊರಗಿನ ಕುರ್ಚಿಯಲ್ಲಿ ಕುಳಿತು ನೆಲದ ಹಾಸುಗಲ್ಲುಗಳನ್ನು ಎಣಿಸುತ್ತಿದ್ದೆ. ಮೂವತ್ತು ವರ್ಷ ಬೇರೆಯವರ ಹಾಸಿಗೆಯ ಪಕ್ಕದಲ್ಲಿ ನಿಂತು ಪ್ರಾರ್ಥಿಸಿದವನಿಗೆ ಆಗ ಬಾಯಿಗೆ ಬರುತ್ತಿದ್ದದ್ದು ‘ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ’ ಎಂಬ 31ನೆಯ ಕೀರ್ತನೆಯ ಅರ್ಧ ವಚನ ಮಾತ್ರ. ಶಿಲುಬೆಯ ಮೇಲೆ ಯೇಸು ನುಡಿದದ್ದೂ ಅದನ್ನೇ, ಮಲಗುವ ಮುಂಚಿನ ಪ್ರಾರ್ಥನೆಯಲ್ಲಿ ಸಭೆ ಶತಮಾನಗಳಿಂದ ಹೇಳಿಕೊಂಡು ಬಂದದ್ದೂ ಅದನ್ನೇ. ‘ನನ್ನ’ ಎಂಬಲ್ಲಿ ‘ಅವಳ’ ಎಂದು ಸೇರಿಸಿಕೊಳ್ಳುತ್ತಿದ್ದೆ. ಮೂರನೆಯ ರಾತ್ರಿ ಸಭೆಯ ಒಬ್ಬ ಮುದುಕರು ಬಂದು ಪಕ್ಕದ ಕುರ್ಚಿಯಲ್ಲಿ ಕುಳಿತರು. ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಬಾಯಿ ತೆರೆಯದೆ ನೆಲದ ಮೇಲೆ ಕುಳಿತದ್ದನ್ನು ಅವರು ಓದಿದ್ದರೋ ಏನೋ, ಒಂದು ಮಾತೂ ಆಡಲಿಲ್ಲ. ನಾನು ಯಾವಾಗ ನಿದ್ದೆ ಹೋದೆನೋ ತಿಳಿಯಲಿಲ್ಲ. ಎಚ್ಚರವಾದಾಗ ಬೆಳಕು ಹರಿದಿತ್ತು. ಅವರು ಘಟಕದ ಬಾಗಿಲಿನ ಕಡೆಗೆ ಮುಖ ಮಾಡಿಕೊಂಡು, ಕೋಲನ್ನು ಮಂಡಿಗಳ ನಡುವೆ ಇಟ್ಟುಕೊಂಡು, ಇನ್ನೂ ಎಚ್ಚರವಾಗಿಯೇ ಕುಳಿತಿದ್ದರು.